ಗೆರೆಯವರೆಗೆ ಬಂದವರು: 1932ರ ಆಟದ ವರ್ಷ

ಹಳೆಯ ಕ್ರೀಡಾ ದಾಖಲೆಗಳನ್ನು ತಿರುವಿಹಾಕುವ ಚಟ ಹತ್ತಿದವರಿಗೆ ಒಂದೊಂದು ಅಚ್ಚುಮೆಚ್ಚಿನ ಸಾಲು ಇರುತ್ತದೆ. ನನ್ನದು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಹಾಕಿ ಪಟ್ಟಿಯಲ್ಲಿದೆ. ಅಮೆರಿಕ ತಂಡ: ಆಡಿದ್ದು ಎರಡು ಪಂದ್ಯ, ಸೋತದ್ದು ಎರಡು, ಹೊಡೆದ ಗೋಲು 3, ತಿಂದ ಗೋಲು 33. ಪದಕ, ಕಂಚು.

ನಮ್ಮ ದೇಶದಲ್ಲಿ ಆ ಪಟ್ಟಿಯ ಮೇಲಿನ ಸಾಲು ಮಾತ್ರ ಪ್ರಸಿದ್ಧ. ಆಗಸ್ಟ್ 11ರಂದು ಭಾರತ ಅಮೆರಿಕವನ್ನು 24-1ರಿಂದ ಸೋಲಿಸಿತು ಎಂಬುದು ಶಾಲೆಯ ರಸಪ್ರಶ್ನೆಗಳಲ್ಲಿ ಇಂದಿಗೂ ಬರುತ್ತದೆ. ಆದರೆ ಕೆಳಗಿನ ಸಾಲನ್ನು ಓದಿದ ಮೇಲೆ ಒಂದು ಪ್ರಶ್ನೆ ಏಳಲೇಬೇಕು. ಎರಡೂ ಪಂದ್ಯ ಸೋತ ತಂಡದ ಕೊರಳಿಗೆ ಒಲಿಂಪಿಕ್ ಪದಕ ಬಿದ್ದದ್ದು ಹೇಗೆ? ಉತ್ತರ ಸರಳ: ಹಾಕಿ ಆಡಲು ಬಂದದ್ದೇ ಮೂರು ತಂಡ. ಭಾರತ, ಜಪಾನ್ ಮತ್ತು ಆತಿಥೇಯ ಅಮೆರಿಕ. ನಾಲ್ಕು ವರ್ಷಗಳ ಹಿಂದೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂಬತ್ತು ತಂಡಗಳಿದ್ದವು. ಈ ಸಲ ಯುರೋಪಿನ ಒಂದೇ ಒಂದು ಹಾಕಿ ತಂಡವೂ ಅಟ್ಲಾಂಟಿಕ್ ದಾಟಲಿಲ್ಲ. ದಾಟಲು ದುಡ್ಡಿರಲಿಲ್ಲ.

ಎರಡು ಮಹಾಯುದ್ಧಗಳ ನಡುವಿನ ಆಟದ ವರ್ಷ ಎಂದರೆ ಎಲ್ಲರೂ 1936ರ ಬರ್ಲಿನ್ನಿಗೆ ಓಡುತ್ತಾರೆ. ಜೆಸ್ಸಿ ಓವೆನ್ಸ್, ಹಿಟ್ಲರ್, ಧ್ಯಾನ್ ಚಂದ್ ಎಲ್ಲರೂ ಅಲ್ಲಿದ್ದಾರೆ, ಕಥೆ ತಾನೇ ತಾನಾಗಿ ಬರೆದುಕೊಳ್ಳುತ್ತದೆ. ನನಗೆ 1932 ಹೆಚ್ಚು ಕುತೂಹಲದ ವರ್ಷವಾಗಿ ಕಾಣುತ್ತದೆ. ಆ ವರ್ಷದ ಬಹುತೇಕ ಫಲಿತಾಂಶಗಳನ್ನು ಸ್ವಲ್ಪ ಕೆದಕಿದರೆ ಸಾಕು, ಪಂದ್ಯಕ್ಕೂ ಮೊದಲೇ ನಡೆದುಹೋದ ಇನ್ನೊಂದು ಸ್ಪರ್ಧೆ ಕಾಣಿಸುತ್ತದೆ: ಓಟದ ಗೆರೆಯವರೆಗೆ ಯಾರು ಬಂದು ನಿಲ್ಲಬಹುದು ಎಂಬುದರದು. ಅಲ್ಲಿ ಸೋತವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಗೆದ್ದವರಲ್ಲಿ ಅನೇಕರು ಮರುದಿನವೇ ಹೀಟ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನ ಓಟದಲ್ಲಿ, ಹೊರಬಿದ್ದರು. ಆದರೂ ಗೆದ್ದವರೇ.

ಕಾಲವನ್ನು ನೆನಪಿಸಿಕೊಳ್ಳಬೇಕು. 1929ರಲ್ಲಿ ಶುರುವಾದ ಮಹಾ ಆರ್ಥಿಕ ಕುಸಿತ 1932ರ ಹೊತ್ತಿಗೆ ತಳ ಮುಟ್ಟಿತ್ತು. ಅಮೆರಿಕದಲ್ಲಿ ನಿರುದ್ಯೋಗಿಗಳು ಕೋಟಿ ದಾಟಿದ್ದರು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ್ದ ಮಾಜಿ ಸೈನಿಕರು ತಮಗೆ ಬರಬೇಕಿದ್ದ ಭತ್ಯೆ ಕೇಳಿಕೊಂಡು ವಾಷಿಂಗ್ಟನ್ನಿನಲ್ಲಿ ಗುಡಿಸಲು ಹಾಕಿ ಕೂತಿದ್ದರು. ಜುಲೈ 28ರಂದು ಸೇನೆ ಅವರನ್ನು ಅಶ್ರುವಾಯು ಬಿಟ್ಟು ಓಡಿಸಿತು. ಎರಡೇ ದಿನದ ನಂತರ, ಜುಲೈ 30ರಂದು, ದೇಶದ ಇನ್ನೊಂದು ತುದಿಯಲ್ಲಿ ಒಂದು ಲಕ್ಷ ಜನರ ಮುಂದೆ ಒಲಿಂಪಿಕ್ಸ್ ಆರಂಭವಾಯಿತು. ಅಧ್ಯಕ್ಷ ಹೂವರ್ ಅತ್ತ ಸುಳಿಯಲಿಲ್ಲ. ಉಪಾಧ್ಯಕ್ಷ ಚಾರ್ಲ್ಸ್ ಕರ್ಟಿಸ್ ಬಂದು ಉದ್ಘಾಟಿಸಿದರು. ಆಮ್‌ಸ್ಟರ್‌ಡ್ಯಾಮಿಗೆ ಸುಮಾರು 2,900 ಕ್ರೀಡಾಪಟುಗಳು ಬಂದಿದ್ದರೆ ಲಾಸ್ ಏಂಜಲೀಸಿಗೆ ಬಂದವರು 1,300ರಷ್ಟು. ಫುಟ್‌ಬಾಲ್ ಪಟ್ಟಿಯಲ್ಲೇ ಇರಲಿಲ್ಲ.

ಇಂಥ ವರ್ಷದಲ್ಲಿ ಗುಲಾಮ ದೇಶವೊಂದರ ಹಾಕಿ ತಂಡ ಪೆಸಿಫಿಕ್ ದಾಟಿ ಹೋದದ್ದೇ ಸೋಜಿಗ. ಲಾಲ್ ಶಾ ಬುಖಾರಿ ನಾಯಕ. ಮುಂದೆ ದೇಶ ಇಬ್ಭಾಗವಾದ ಮೇಲೆ ಈತ ಪಾಕಿಸ್ತಾನದ ರಾಜತಾಂತ್ರಿಕನಾದ. ತಂಡದಲ್ಲಿ ಪಿನಿಗರ್, ಟ್ಯಾಪ್‌ಸೆಲ್, ಹ್ಯಾಮಂಡ್, ಅಲೆನ್ ಮುಂತಾದ ಆಂಗ್ಲೋ-ಇಂಡಿಯನ್ನರ ಜೊತೆಗೆ ಗುರ್ಮಿತ್ ಸಿಂಗ್, ಸೈಯದ್ ಜಾಫರ್, ಧ್ಯಾನ್ ಚಂದ್ ಮತ್ತು ಆತನ ತಮ್ಮ ರೂಪ್ ಸಿಂಗ್. ಹಾಕಲು ತಕ್ಕ ಬಟ್ಟೆ ಇಲ್ಲವೆಂದು ರೂಪ್ ಸಿಂಗ್ ಹೊರಡಲು ಹಿಂಜರಿದನಂತೆ. ಅಣ್ಣ ತನ್ನ ದುಡ್ಡಿನಲ್ಲಿ ಬಟ್ಟೆ ಕೊಡಿಸಿ, ಸೂಟು ಹೊಲಿಸಿ ಕರೆದುಕೊಂಡು ಹೋದನಂತೆ. ಅಮೆರಿಕದ ವಿರುದ್ಧ ಆ ತಮ್ಮ ಹೊಡೆದದ್ದು ಹತ್ತು ಗೋಲು, ಅಣ್ಣನದು ಎಂಟು. ಒಂದೇ ಮನೆಯ ಲೆಕ್ಕ ಹದಿನೆಂಟು.

ಆ ಪಂದ್ಯದ ಏಕೈಕ ಅಮೆರಿಕನ್ ಗೋಲಿನ ಬಗ್ಗೆಯೂ ಒಂದು ಕಥೆ ಓಡಾಡುತ್ತದೆ. ನಮ್ಮ ಗೋಲ್‌ಕೀಪರ್ ರಿಚರ್ಡ್ ಅಲೆನ್ ಕೆಲಸವಿಲ್ಲದೆ ಬೇಸತ್ತು, ಗೋಲಿನ ಹಿಂದೆ ನಿಂತಿದ್ದ ಅಭಿಮಾನಿಗಳಿಗೆ ಹಸ್ತಾಕ್ಷರ ಹಾಕಿಕೊಡುತ್ತಿದ್ದಾಗ ಚೆಂಡು ಒಳಗೆ ಹೋಯಿತಂತೆ. ನಿಜವೋ ಸುಳ್ಳೋ, 1928ರಲ್ಲಿ ಇದೇ ಅಲೆನ್ ಇಡೀ ಒಲಿಂಪಿಕ್ಸಿನ ಐದು ಪಂದ್ಯಗಳಲ್ಲಿ ಒಂದೇ ಒಂದು ಗೋಲು ಬಿಟ್ಟುಕೊಟ್ಟಿರಲಿಲ್ಲ ಎಂಬುದು ದಾಖಲೆಯ ಮಾತು. ಅಂಥವನ ಹತ್ತಿರ ಗೋಲು ಗಿಟ್ಟಿಸಿದವರಿಗೆ ಕಂಚು ಕೊಟ್ಟದ್ದರಲ್ಲಿ ತಪ್ಪೇನಿಲ್ಲ ಎಂದು ನಾನು ಆಗಾಗ ಸ್ನೇಹಿತರ ಹತ್ತಿರ ವಾದಿಸುವುದುಂಟು.

ಚಿನ್ನ ಬಂತು, ಸಾಲ ಉಳಿಯಿತು. ಪ್ರಯಾಣದ ಖರ್ಚು ತುಂಬಿಸಿಕೊಳ್ಳಲು ತಂಡ ನೇರವಾಗಿ ಮನೆಗೆ ಬರದೆ ಯುರೋಪಿನ ಊರೂರು ಸುತ್ತಿ ಪ್ರದರ್ಶನ ಪಂದ್ಯಗಳನ್ನು ಆಡಿತು. ಇಡೀ ಪ್ರವಾಸದಲ್ಲಿ 37 ಪಂದ್ಯ, 338 ಗೋಲು. ಅದರಲ್ಲಿ ಧ್ಯಾನ್ ಚಂದ್ ಪಾಲು 133. ಈ ಅಂಕಿಗಳನ್ನು ಕ್ರೀಡಾ ಇತಿಹಾಸಕಾರರು ಪ್ರತಿಭೆಯ ಲೆಕ್ಕವಾಗಿ ಓದುತ್ತಾರೆ. ನಾನು ಹಡಗಿನ ಟಿಕೆಟ್ಟಿನ ಲೆಕ್ಕವಾಗಿಯೂ ಓದುತ್ತೇನೆ. ಅಷ್ಟು ಪಂದ್ಯ ಆಡದಿದ್ದರೆ ಖರ್ಚು ಹುಟ್ಟುತ್ತಿರಲಿಲ್ಲ.

ಬ್ರೆಜಿಲಿನವರ ಕಥೆ ಇದಕ್ಕಿಂತ ವಿಚಿತ್ರ. ಕಾಫಿಯ ಬೆಲೆ ಎಷ್ಟು ಬಿದ್ದಿತ್ತೆಂದರೆ ಅಲ್ಲಿನ ಸರ್ಕಾರ ಬೆಲೆ ಏರಿಸಲು ಮೂಟೆಗಟ್ಟಲೆ ಕಾಫಿಯನ್ನು ಸುಡಿಸುತ್ತಿತ್ತು. ಒಲಿಂಪಿಕ್ಸಿಗೆ ಹೊರಟ ಕ್ರೀಡಾಪಟುಗಳನ್ನು ‘ಇಟಾಕಿಸೆ’ ಎಂಬ ಹಡಗಿಗೆ ಹತ್ತಿಸಿ, ಜೊತೆಗೆ ಕಾಫಿ ಮೂಟೆ ತುಂಬಿ, ದಾರಿಯಲ್ಲಿ ಮಾರಿ ಖರ್ಚು ನೋಡಿಕೊಳ್ಳಿ ಎಂದು ಕಳಿಸಿದರು. ಕಾಫಿ ಕೊಳ್ಳುವವರು ಸಿಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ದಡ ಇಳಿಯಲು ತಲೆಗೆ ಒಂದು ಡಾಲರ್ ಸುಂಕ ಕೊಡಬೇಕಿತ್ತು. ಗೆಲ್ಲುವ ಆಸೆ ಇದ್ದವರಿಗೆ ಮಾತ್ರ ಆ ಡಾಲರ್ ಕಟ್ಟಿ ಇಳಿಸಿದರು. ಉಳಿದವರು ಕಾಫಿಯ ಜೊತೆ ಹಡಗಿನಲ್ಲೇ ಉಳಿದರು. ಚಿಕ್ಕಮಗಳೂರು, ಕೊಡಗಿನ ಹಳೆಯ ತೋಟದ ಮನೆಗಳಲ್ಲಿ ಆ ದಶಕದ ಬೆಲೆ ಕುಸಿತದ ಕಥೆ ಕೇಳಿ ಬೆಳೆದವರಿಗೆ ಇದರ ರುಚಿ ಬೇಗ ತಿಳಿದೀತು. ಅದಾಲ್ಬೆರ್ತೊ ಕಾರ್ದೊಸೊ ಎಂಬ ಓಟಗಾರನಂತೂ ಹಡಗು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ಅಲ್ಲಿಂದ ದಾರಿಹೋಕರ ಗಾಡಿಗಳನ್ನು ಹಿಡಿದು ಲಾಸ್ ಏಂಜಲೀಸ್ ತಲುಪಿ, ಹತ್ತು ಸಾವಿರ ಮೀಟರ್ ಓಟಕ್ಕೆ ಹೊತ್ತಾಗುವ ಮುನ್ನ ಗೆರೆಗೆ ಬಂದು ನಿಂತನಂತೆ. ಕೊನೆಯವನಾಗಿ ಓಟ ಮುಗಿಸಿದ.

ಹಣವಾದರೂ ಸಾಲ ಸಿಗುತ್ತದೆ. ಬಾವುಟಕ್ಕೆ ಏನು ಮಾಡುವುದು?

ಈಶಾನ್ಯ ಚೀನಾದ ಮಂಚೂರಿಯಾದಲ್ಲಿ, ದಾಲಿಯನ್ ಕಡೆಯ ಹುಡುಗ ಲಿಯು ಚಾಂಗ್‌ಚುನ್ ಆ ದೇಶದ ಅತಿ ವೇಗದ ಓಟಗಾರ. 1931ರ ಸೆಪ್ಟೆಂಬರಿನಲ್ಲಿ ಜಪಾನ್ ಮಂಚೂರಿಯಾವನ್ನು ಆಕ್ರಮಿಸಿತು. 1932ರ ಮಾರ್ಚಿನಲ್ಲಿ ಅಲ್ಲಿ ಮಂಚುಕುವೊ ಎಂಬ ಸೂತ್ರದ ಬೊಂಬೆ ರಾಜ್ಯವೊಂದನ್ನು ಕಟ್ಟಿ ನಿಲ್ಲಿಸಿತು. ಹೊಸ ದೇಶಕ್ಕೆ ಲೋಕದ ಮನ್ನಣೆ ಬೇಕು. ಅದಕ್ಕೆ ಒಲಿಂಪಿಕ್ಸಿಗಿಂತ ಸುಲಭದ ದಾರಿ ಯಾವುದು? ಲಿಯು ಮಂಚುಕುವೊದ ಪರವಾಗಿ ಓಡುತ್ತಾನೆ ಎಂದು ಅವನನ್ನು ಕೇಳದೆಯೇ ಸುದ್ದಿ ಹಬ್ಬಿಸಿದರು. ಲಿಯು ಪತ್ರಿಕೆಯಲ್ಲಿ ಬಹಿರಂಗವಾಗಿ ನಿರಾಕರಿಸಿದ. ಚೀನಾದ ಸರ್ಕಾರದ ಬೊಕ್ಕಸದಿಂದ ತಂಡ ಕಳಿಸುವ ಯೋಚನೆ ಇರಲಿಲ್ಲ; ಮಂಚೂರಿಯಾ ಕಳೆದುಕೊಂಡಿದ್ದ ಸೇನಾನಿ ಝಾಂಗ್ ಶ್ಯೂಲಿಯಾಂಗ್ ಹಣ ಕೊಟ್ಟ. ಜುಲೈ 8ರಂದು ಶಾಂಘೈಯಲ್ಲಿ ಹಡಗು ಹತ್ತಿದ ಲಿಯು ಲಾಸ್ ಏಂಜಲೀಸ್ ಮುಟ್ಟಿದ್ದು 29ಕ್ಕೆ. 30ಕ್ಕೆ ಉದ್ಘಾಟನೆ, ಚೀನಾದ ಬಾವುಟ ಹಿಡಿದು ನಡೆದ ಏಕೈಕ ಸ್ಪರ್ಧಿ ಅವನೇ. 31ಕ್ಕೆ ನೂರು ಮೀಟರ್ ಹೀಟ್ಸ್. ಮೂರು ವಾರ ಸಮುದ್ರದ ಮೇಲೆ ತೂಗಾಡಿದ ಕಾಲುಗಳಿಗೆ ಎರಡು ದಿನದ ನೆಲ ಸಾಕಾಗಲಿಲ್ಲ. ನೂರರಲ್ಲೂ ಇನ್ನೂರರಲ್ಲೂ ಮೊದಲ ಸುತ್ತಿನಲ್ಲೇ ಹೊರಬಿದ್ದ.

ಫಲಿತಾಂಶದ ಪುಸ್ತಕದಲ್ಲಿ ಅವನ ಹೆಸರನ್ನು ಹುಡುಕಬೇಕು, ಅಷ್ಟು ಕೆಳಗಿದೆ. ಅವನು ಬರದೇ ಹೋಗಿದ್ದರೆ ಚೀನಾದ ಜಾಗ ಖಾಲಿ ಉಳಿಯುತ್ತಿತ್ತು, ಬೇರೆ ಬಾವುಟದ ಅಡಿಯಲ್ಲಿ ಬಂದಿದ್ದರೆ ಆಕ್ರಮಣಕ್ಕೆ ಒಂದು ಮೊಹರು ಬೀಳುತ್ತಿತ್ತು. ನೂರು ಮೀಟರಿನ ಆ ಹೀಟ್ಸ್‌ಗಿಂತ ಮಹತ್ವದ ಓಟ ಆ ಒಲಿಂಪಿಕ್ಸಿನಲ್ಲಿ ನಡೆಯಲಿಲ್ಲ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಆ ನೂರು ಮೀಟರನ್ನು ಗೆದ್ದ ಎಡ್ಡಿ ಟೋಲನ್ ಹೆಸರು ಹೇಳಬಹುದು, ಅವನ ಮಾತಿಗೂ ಬರುತ್ತೇನೆ.

ಅದೇ ಕ್ರೀಡಾಕೂಟದ ಮ್ಯಾರಥಾನ್ ಪಟ್ಟಿಯಲ್ಲಿ ಆರನೆಯ ಮತ್ತು ಒಂಬತ್ತನೆಯ ಸ್ಥಾನದಲ್ಲಿ ಜಪಾನಿನ ಇಬ್ಬರಿದ್ದಾರೆ. ಹೆಸರುಗಳನ್ನು ಜಪಾನೀ ಉಚ್ಚಾರದಲ್ಲಿ ಬರೆಯಲಾಗಿದೆ. ಅವರಿಬ್ಬರೂ ಕೊರಿಯನ್ನರು, ಕಿಮ್ ಉನ್-ಬೆ ಮತ್ತು ಕ್ವೋನ್ ತೆ-ಹಾ. ಅವರ ದೇಶ 1910ರಿಂದ ಜಪಾನಿನ ವಶದಲ್ಲಿತ್ತು. ನಾಲ್ಕು ವರ್ಷದ ನಂತರ ಬರ್ಲಿನ್ನಿನಲ್ಲಿ ಸೋನ್ ಕೀ-ಚುಂಗ್ ಹೀಗೆಯೇ ಪರರ ಹೆಸರಿನಲ್ಲಿ ಓಡಿ ಗೆದ್ದಾಗ ಜಗತ್ತಿಗೆ ತಿಳಿದ ಸಂಗತಿ ಲಾಸ್ ಏಂಜಲೀಸಿನಲ್ಲಿ ಆಗಲೇ ನಡೆದಿತ್ತು. ಗೆಲ್ಲದ ಕಾರಣ ಯಾರೂ ಗಮನಿಸಲಿಲ್ಲ. ಜಪಾನಿನ ಈಜುಗಾರರಂತೂ ಗಂಡಸರ ಆರು ಸ್ಪರ್ಧೆಗಳಲ್ಲಿ ಐದನ್ನು ಗೆದ್ದರು; 1500 ಮೀಟರ್ ಗೆದ್ದ ಕುಸುವೊ ಕಿಟಾಮುರಾಗೆ ಹದಿನಾಲ್ಕು ವರ್ಷ. ಕುದುರೆ ಸವಾರಿಯಲ್ಲಿ ಚಿನ್ನ ಗೆದ್ದ ಬ್ಯಾರನ್ ನಿಶಿ ಹಾಲಿವುಡ್ ಮಂದಿಯ ಕಣ್ಮಣಿಯಾದ. 1945ರಲ್ಲಿ ಇವೋ ಜಿಮಾದಲ್ಲಿ ಅದೇ ಅಮೆರಿಕನ್ನರ ವಿರುದ್ಧ ಹೋರಾಡುತ್ತ ಸತ್ತ. ಹತ್ತು ಸಾವಿರ ಮೀಟರ್ ಗೆದ್ದ ಪೋಲೆಂಡಿನ ಯಾನುಷ್ ಕುಸೊಚಿನ್‌ಸ್ಕಿಯನ್ನು 1940ರಲ್ಲಿ ನಾಜಿಗಳು ಗುಂಡಿಟ್ಟು ಕೊಂದರು. ಎರಡು ಯುದ್ಧಗಳ ನಡುವಿನ ಯಾವ ಪಟ್ಟಿಯನ್ನು ಓದಿದರೂ ಇಂಥದ್ದು ಎದುರಾಗುತ್ತದೆ, ಓದಿ ಮುಂದೆ ಹೋಗಬೇಕಾಗುತ್ತದೆ.

ಆ ಹತ್ತು ಸಾವಿರ ಮೀಟರನ್ನು ಕುಸೊಚಿನ್‌ಸ್ಕಿ ಗೆಲ್ಲುವಾಗ ಮೇಲೆ ಕೂತು ನೋಡುತ್ತಿದ್ದವನು ಪಾವೊ ನುರ್ಮಿ. ಒಂಬತ್ತು ಒಲಿಂಪಿಕ್ ಚಿನ್ನಗಳ ಒಡೆಯ. ಮ್ಯಾರಥಾನ್ ಗೆದ್ದು ನಿವೃತ್ತನಾಗಬೇಕೆಂದು ಫಿನ್ಲೆಂಡಿನಿಂದ ಬಂದು ಅಭ್ಯಾಸವನ್ನೂ ನಡೆಸಿದ್ದ. ಓಡಿದ್ದಕ್ಕೆ ಖರ್ಚಿಗಿಂತ ಹೆಚ್ಚು ಹಣ ತೆಗೆದುಕೊಂಡ ಎಂಬ ಆರೋಪದ ಮೇಲೆ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಅವನನ್ನು ಹವ್ಯಾಸಿ ಅಲ್ಲ ಎಂದು ಘೋಷಿಸಿ ಹೊರಗಿಟ್ಟಿತು. ಫ್ರಾನ್ಸಿನ ಓಟಗಾರ ಜೂಲ್ ಲಾದೂಮೆಗ್‌ಗೂ ಅದೇ ವರ್ಷ ಅದೇ ಗತಿ. ಹವ್ಯಾಸಿ ಎಂಬ ಈ ನಿಯಮದ ಬಗ್ಗೆ ನನಗೆ ಎಂದೂ ಗೌರವ ಮೂಡಿಲ್ಲ. ಮನೆಯಲ್ಲಿ ಅನುಕೂಲ ಇದ್ದವರಿಗೆ ಅದು ಸದ್ಗುಣ, ಬಡಗಿಯ ಮಗನಾದ ನುರ್ಮಿಯಂಥವರಿಗೆ ಬಾಗಿಲಿಗೆ ಹಾಕಿದ ಬೀಗ. ಒಲಿಂಪಿಕ್ಸಿನ ಹಿರಿಯರು ಲಾಭವನ್ನೇನೂ ಬೇಡವೆನ್ನಲಿಲ್ಲ. ಆ ಕೂಟ ಮುಗಿದಾಗ ಸಂಘಟಕರ ಕೈಯಲ್ಲಿ ಹಣ ಮಿಕ್ಕಿತ್ತು.

ಟೋಲನ್ ವಿಷಯ. ನೂರು ಮೀಟರಿನಲ್ಲಿ ಎಡ್ಡಿ ಟೋಲನ್ ಮತ್ತು ರಾಲ್ಫ್ ಮೆಟ್‌ಕಾಫ್ ಒಂದೇ ಕ್ಷಣಕ್ಕೆ ಎದೆಗೊಟ್ಟರು. ಇಬ್ಬರಿಗೂ 10.3 ಸೆಕೆಂಡು. ಚಲನಚಿತ್ರದ ಸುರುಳಿಯನ್ನು ಮತ್ತೆ ಮತ್ತೆ ನೋಡಿ ಟೋಲನ್ ಗೆದ್ದನೆಂದು ತೀರ್ಮಾನಿಸಿದರು. ಕುಳ್ಳ ದೇಹ, ಕಿವಿಗೆ ಪಟ್ಟಿ ಹಚ್ಚಿ ಬಿಗಿದ ಕನ್ನಡಕ. ಇನ್ನೂರನ್ನೂ ಅವನೇ ಗೆದ್ದ. ಅದರಲ್ಲಿ ಮೆಟ್‌ಕಾಫ್ ನಿಂತ ಜಾಗವನ್ನು ತಪ್ಪಾಗಿ ಅಳೆದು ಒಂದೂವರೆ ಮೀಟರಿನಷ್ಟು ಹಿಂದಕ್ಕೆ ಗುರುತು ಹಾಕಿದ್ದರೆಂದು ಆಮೇಲೆ ಗೊತ್ತಾಯಿತು. ಮರು ಓಟ ಬೇಡವೆಂದ ಆತ ಕಂಚಿಗೆ ತೃಪ್ತನಾದ. ಗೆರೆಯೇ ಬೇರೆ ಬೇರೆ ಜಾಗದಲ್ಲಿದ್ದ ಓಟ ಇದು. ಟೋಲನ್ ಮತ್ತು ಮೆಟ್‌ಕಾಫ್ ಇಬ್ಬರೂ ಕಪ್ಪು ಅಮೆರಿಕನ್ನರು. ವೈದ್ಯನಾಗಬೇಕೆಂದು ಕನಸು ಕಂಡಿದ್ದ ಟೋಲನ್ ಊರಿಗೆ ಹೋದ ಮೇಲೆ ಕೆಲಸ ಸಿಗದೆ ಕೆಲವು ಕಾಲ ರಂಗಮಂಚದ ಮನರಂಜನೆ ಪ್ರದರ್ಶನಗಳಲ್ಲಿ ಕಾಣಿಸಿಕೊಂಡು ಹೊಟ್ಟೆ ಹೊರೆದ.

ಹೆಂಗಸರ ವಿಭಾಗದಲ್ಲಿ ಇನ್ನೂ ಕಹಿಯಾದದ್ದು ನಡೆಯಿತು. ಟೈಡಿ ಪಿಕೆಟ್ ಮತ್ತು ಲೂಯಿಸ್ ಸ್ಟೋಕ್ಸ್ ಎಂಬ ಇಬ್ಬರು ಕಪ್ಪು ಹುಡುಗಿಯರು ಆಯ್ಕೆ ಸ್ಪರ್ಧೆಯಲ್ಲಿ ಓಡಿ ಅಮೆರಿಕದ ರಿಲೇ ತಂಡಕ್ಕೆ ಸೇರಿದ್ದರು. ರೈಲು ಪ್ರಯಾಣದ ನಡುವೆ ಡೆನ್ವರಿನ ಹೋಟೆಲಿನಲ್ಲಿ ಅವರನ್ನು ಉಳಿದವರ ಜೊತೆ ಊಟಕ್ಕೆ ಕೂರಿಸಲಿಲ್ಲ. ಲಾಸ್ ಏಂಜಲೀಸಿಗೆ ಹೋದ ಮೇಲೆ ಅವರ ಜಾಗದಲ್ಲಿ ಬಿಳಿಯರನ್ನು ಓಡಿಸಲಾಯಿತು. ತಂಡ ಚಿನ್ನ ಗೆದ್ದಿತು. ಇವರಿಬ್ಬರೂ ಸಾವಿರಾರು ಮೈಲಿ ದಾಟಿ ಬಂದು ಗೆರೆಯಿಂದ ಕೆಲವೇ ಗಜ ದೂರದಲ್ಲಿ ಕೂತು ನೋಡಿದರು.

ಅದೇ ಮೈದಾನದಲ್ಲಿ ಬೇಬ್ ಡಿಡ್ರಿಕ್ಸನ್ ಮಿಂಚಿದಳು. ಜುಲೈನಲ್ಲಿ ನಡೆದ ಆಯ್ಕೆ ಕೂಟಕ್ಕೆ ಟೆಕ್ಸಾಸಿನ ವಿಮಾ ಕಂಪನಿಯೊಂದರ ತಂಡವೆಂದು ಅವಳೊಬ್ಬಳೇ ಬಂದು, ಹತ್ತಾರು ಮಂದಿಯ ತಂಡಗಳನ್ನು ಹಿಂದೆ ಹಾಕಿ ತಂಡ ಪ್ರಶಸ್ತಿಯನ್ನೇ ಒಯ್ದಿದ್ದಳು. ಒಲಿಂಪಿಕ್ಸಿನಲ್ಲಿ ಹೆಂಗಸರು ಮೂರಕ್ಕಿಂತ ಹೆಚ್ಚು ಸ್ಪರ್ಧೆಗೆ ಇಳಿಯುವಂತಿರಲಿಲ್ಲ. ಈಟಿ ಎಸೆತ ಮತ್ತು 80 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ. ಎತ್ತರ ಜಿಗಿತದಲ್ಲಿ ಗೆದ್ದವಳಷ್ಟೇ ಎತ್ತರ ಹಾರಿದರೂ, ತಲೆ ಮುಂದಾಗಿ ಹಾರಿದ್ದು ಸರಿಯಲ್ಲವೆಂದು ಬೆಳ್ಳಿ ಕೊಟ್ಟರು. ಅಂದಹಾಗೆ 800 ಮೀಟರ್ ಓಟವನ್ನು, ಹೆಂಗಸರ ಮೈಗೆ ತಾಳದೆಂದು, 1928ರ ನಂತರ ಕಿತ್ತುಹಾಕಿದ್ದರು. ಅದು ಮತ್ತೆ ಬಂದದ್ದು 1960ರಲ್ಲಿ.

ಎಣಿಸುವುದರಲ್ಲಿ ಎಡವಿದ ಪ್ರಸಂಗಗಳೂ ಆ ವರ್ಷ ಕಡಿಮೆಯಲ್ಲ. ಅಡೆತಡೆಗಳನ್ನು ಹಾರಿ ಓಡುವ ಸ್ಟೀಪಲ್‌ಚೇಸ್‌ನಲ್ಲಿ ಸುತ್ತು ಲೆಕ್ಕ ಹಾಕುವವನು ಲೆಕ್ಕ ತಪ್ಪಿ ಒಂದು ಸುತ್ತು ಹೆಚ್ಚಿಗೆ ಓಡಿಸಿದ. ಫಿನ್ಲೆಂಡಿನ ಇಸೊ-ಹೊಲ್ಲೊ ಹೇಗೂ ಮುಂದಿದ್ದ; ಆದರೆ ನಿಜವಾದ 3000 ಮೀಟರಿಗೆ ಎರಡನೆಯವನಾಗಿದ್ದ ಅಮೆರಿಕದ ಮೆಕ್‌ಕ್ಲಸ್ಕಿ ಆ ಬಿಟ್ಟಿ ಸುತ್ತಿನಲ್ಲಿ ಮೂರನೆಯವನಾಗಿಬಿಟ್ಟ. ಇಂಗ್ಲೆಂಡಿನ ಲೇಟನ್ ಕ್ರಿಕೆಟ್ ಮೈದಾನದಲ್ಲಿ ಜೂನ್ 16ರಂದು ಇದಕ್ಕಿಂತ ಸ್ವಾರಸ್ಯದ್ದು ನಡೆಯಿತು. ಯಾರ್ಕ್‌ಷೈರಿನ ಹೋಮ್ಸ್ ಮತ್ತು ಸಟ್‌ಕ್ಲಿಫ್ ಮೊದಲ ವಿಕೆಟ್ಟಿಗೆ 555 ರನ್ ಸೇರಿಸಿ, 1898ರ 554ರ ದಾಖಲೆ ಮುರಿದೆವೆಂದು ವಿಕೆಟ್ ಬಿಟ್ಟುಕೊಟ್ಟು, ಸ್ಕೋರ್ ಹಲಗೆಯ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಲು ಹೊರಟರೆ ಹಲಗೆ 554ಕ್ಕೆ ಇಳಿಯಿತು. ಆಮೇಲೆ ಲೆಕ್ಕದ ಪುಸ್ತಕದಲ್ಲಿ ಬಿಟ್ಟುಹೋಗಿದ್ದ ಒಂದು ನೋಬಾಲ್ ‘ಸಿಕ್ಕಿತು’. ಆ ನೋಬಾಲಿನ ಜಾತಕ ನಾನು ಕೇಳುವುದಿಲ್ಲ.

ಹೋಮ್ಸ್ ಮತ್ತು ಸಟ್‌ಕ್ಲಿಫ್ ಎಂಬ ಇದೇ ಜೋಡಿ ಒಂಬತ್ತು ದಿನದ ನಂತರ, ಜೂನ್ 25ರ ಶನಿವಾರ, ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನ ಪರವಾಗಿ ಆಟ ಆರಂಭಿಸಿತು. ಎದುರಿಗೆ ತನ್ನ ಮೊಟ್ಟಮೊದಲ ಟೆಸ್ಟ್ ಆಡುತ್ತಿದ್ದ ಭಾರತ. ಹೋಶಿಯಾರ್‌ಪುರದ ಮೊಹಮ್ಮದ್ ನಿಸಾರ್ ಸಟ್‌ಕ್ಲಿಫ್‌ನನ್ನು 3ಕ್ಕೆ, ಹೋಮ್ಸ್‌ನನ್ನು 6ಕ್ಕೆ ಬೌಲ್ಡ್ ಮಾಡಿದ. ಸ್ವಲ್ಪದರಲ್ಲೇ ವೂಲಿ ರನೌಟ್. ಇಂಗ್ಲೆಂಡ್ 3 ವಿಕೆಟ್ಟಿಗೆ 19. ಆ ಋತುವಿನಲ್ಲಿ 3,336 ರನ್ ಗುಡ್ಡೆ ಹಾಕಿದ ಸಟ್‌ಕ್ಲಿಫ್‌ನ ಸ್ಟಂಪ್ ಬಿದ್ದ ಆ ಗಳಿಗೆ ನಮ್ಮ ಟೆಸ್ಟ್ ಇತಿಹಾಸದ ಮೊದಲ ಸಂತೋಷ.

ಈ ಹನ್ನೊಂದು ಮಂದಿ ಗೆರೆಯವರೆಗೆ ಬಂದ ಬಗೆಯನ್ನೂ ನೋಡಬೇಕು. ಅಂದಿನ ಪದ್ಧತಿಯಂತೆ ನಾಯಕತ್ವ ಅರಮನೆಗೆ ಮೀಸಲು. ಪಟಿಯಾಲದ ಮಹಾರಾಜ ಹಿಂದೆ ಸರಿದ ಮೇಲೆ ಪೋರಬಂದರದ ಮಹಾರಾಜ ನಾಯಕನಾಗಿ ಹಡಗು ಹತ್ತಿದ. ಉಪನಾಯಕ ಲಿಂಬ್ಡಿಯ ರಾಜಮನೆತನದವನು. ಪ್ರವಾಸದ ಪ್ರಥಮ ದರ್ಜೆ ಪಂದ್ಯಗಳಲ್ಲಿ ಪೋರಬಂದರದ ದೊರೆ ಗಳಿಸಿದ್ದು ಒಟ್ಟು 2 ರನ್, ಸರಾಸರಿ 0.66. ಅವನ ರನ್ನುಗಳಿಗಿಂತ ರೋಲ್ಸ್‌ರಾಯ್ಸ್ ಕಾರುಗಳೇ ಹೆಚ್ಚು ಎಂದು ಜನ ನಕ್ಕರು. ಆದರೂ ಈ ಮನುಷ್ಯನ ಮೇಲೆ ನನಗೆ ಮೆಚ್ಚುಗೆಯಿದೆ. ತನ್ನ ಆಟದ ಅಳತೆ ತನಗೇ ತಿಳಿದು, ಟೆಸ್ಟ್ ಪಂದ್ಯದ ಹೊತ್ತಿಗೆ ಪಕ್ಕಕ್ಕೆ ಸರಿದು ನಿಂತ. ಅಷ್ಟು ವಿವೇಕ 1936ರ ನಾಯಕ ವಿಜಯನಗರಂ ಮಹಾರಾಜಕುಮಾರನಿಗೆ ಇರಲಿಲ್ಲ. ಹೀಗೆ ನಾಯಕತ್ವ ಬಂದದ್ದು ರಾಜನಲ್ಲದ ಸಿ. ಕೆ. ನಾಯುಡುಗೆ. ನಾಗ್ಪುರದಲ್ಲಿ ಹುಟ್ಟಿ ಇಂದೂರಿನ ಹೋಳ್ಕರರ ಆಶ್ರಯ ಪಡೆದಿದ್ದ ನಾಯುಡು ಆ ಪ್ರವಾಸದಲ್ಲಿ 1,618 ರನ್ ಹೊಡೆದು 65 ವಿಕೆಟ್ ಪಡೆದ. ಎಜ್‌ಬಾಸ್ಟನ್ನಿನಲ್ಲಿ ಅವನ ಒಂದು ಸಿಕ್ಸರ್ ರೀ ನದಿಯನ್ನು ದಾಟಿ ಪಕ್ಕದ ಜಿಲ್ಲೆಯಲ್ಲಿ ಬಿತ್ತು ಎಂಬ ಕಥೆ ಇಂದಿಗೂ ಜೀವಂತ.

ಬಾರದೆ ಉಳಿದವರ ಪಟ್ಟಿ ಬಂದವರದ್ದಕ್ಕಿಂತ ಕಡಿಮೆ ತೂಕದ್ದಲ್ಲ. ಜನವರಿ 4ರಂದು ಗಾಂಧೀಜಿಯನ್ನು ಬಂಧಿಸಲಾಗಿತ್ತು. ಕಾನೂನುಭಂಗ ಚಳವಳಿ ಮತ್ತೆ ಹೊತ್ತಿಕೊಂಡಿತ್ತು. ಇತ್ತ ಸಿದ್ದಾಪುರ, ಅಂಕೋಲಾಗಳ ರೈತರು ಕಂದಾಯ ಕೊಡೆವೆಂದು ಹೊಲ ಮನೆ ಕಳೆದುಕೊಳ್ಳುತ್ತಿದ್ದರು. ನಾಯಕರು ಸೆರೆಯಲ್ಲಿರುವಾಗ ಇಂಗ್ಲೆಂಡಿಗೆ ಆಡಲು ಹೋಗುವುದು ಹೇಗೆ ಎಂದು ಮುಂಬಯಿಯ ವಿಜಯ್ ಮರ್ಚೆಂಟ್ ಮತ್ತು ಎಲ್. ಪಿ. ಜೈ ಹಿಂದೆ ಸರಿದರು. ಬ್ಯಾಟ್ಸ್‌ಮನ್ನರಾದ ದುಲೀಪ್‌ಸಿನ್ಹಜಿ ಮತ್ತು ಪಟೌಡಿಯ ನವಾಬ ಇಫ್ತಿಕಾರ್ ಅಲಿ ಖಾನ್ ಇಬ್ಬರೂ ಇಂಗ್ಲೆಂಡಿನಲ್ಲೇ ಇದ್ದರು; ಇಬ್ಬರ ಕಣ್ಣೂ ಇಂಗ್ಲೆಂಡ್ ತಂಡದ ಮೇಲಿತ್ತು. ಭಾರತದ ಕಡೆಯಿಂದ ಇಬ್ಬರೂ ಆಡಲಿಲ್ಲ.

ಇನ್ನೊಬ್ಬರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಲೂ. ದಲಿತ ಕುಟುಂಬದ ಈ ಎಡಗೈ ಸ್ಪಿನ್ನರ್ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಪುಣೆಯಲ್ಲಿ ಇದೇ ಬೌಲರಿಗೆ ಚಹಾ ಕೊಡುತ್ತಿದ್ದದ್ದು ಪೆವಿಲಿಯನ್ನಿನ ಹೊರಗೆ, ಮಣ್ಣಿನ ಬಟ್ಟಲಿನಲ್ಲಿ. ಮುಂಬಯಿಯ ಕೋಮುವಾರು ಟೂರ್ನಿಯಲ್ಲಿ ಆಡುತ್ತಿದ್ದ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲೇ ಇಲ್ಲ. ತಮ್ಮ ವಿಠ್ಠಲನ ಕಾಲಕ್ಕೆ ಆ ಬಾಗಿಲು ತೆರೆಯಿತು. ಭಾರತಕ್ಕೆ ಟೆಸ್ಟ್ ಮಾನ್ಯತೆ ಸಿಕ್ಕಾಗ ಬಾಲೂ ಅವರಿಗೆ 56 ವರ್ಷ. ಆ ವರ್ಷ ಅವರು ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ರಾಜಕೀಯದ ಪುಟದಲ್ಲಿ: ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೇ ಎಂಬ ಪ್ರಶ್ನೆಯಲ್ಲಿ ದಲಿತ ನಾಯಕ ಎಂ. ಸಿ. ರಾಜಾ ಜೊತೆ ನಿಂತು ಅಂಬೇಡ್ಕರರ ನಿಲುವಿಗೆ ಎದುರಾದರು. ಸೆಪ್ಟೆಂಬರಿನಲ್ಲಿ ಪುಣೆ ಒಪ್ಪಂದವಾಯಿತು.

ಒಲಿಂಪಿಕ್ಸ್ ಕಡೆಯೂ ನಮ್ಮವರ ಹೆಜ್ಜೆ ಇದೆ. 1920ರ ಆಂಟ್‌ವರ್ಪ್ ಮ್ಯಾರಥಾನ್‌ನಲ್ಲಿ ಬೆಳಗಾವಿಯ ಪಿ. ಡಿ. ಚೌಗುಲೆ ಹತ್ತೊಂಬತ್ತನೆಯವರಾಗಿ ಬಂದರು. ಅವರನ್ನು ಕಳಿಸಿದ್ದು ದೊರಾಬ್ಜಿ ಟಾಟಾ ಮುಂದೆ ನಿಂತು ಮಾಡಿದ ಪ್ರಯತ್ನ. ಅಂಥ ಒಬ್ಬ ಧನಿಕನ ಗಮನಕ್ಕೆ ಬಂದರೆ ಗೆರೆ, ಇಲ್ಲದಿದ್ದರೆ ಹೊಲ.

ಲಾರ್ಡ್ಸ್‌ಗೆ ಮರಳೋಣ. 3ಕ್ಕೆ 19ರಿಂದ ಇಂಗ್ಲೆಂಡನ್ನು ಮೇಲೆತ್ತಿದವನು ನಾಯಕ ಡಗ್ಲಸ್ ಜಾರ್ಡಿನ್: ಮೊದಲ ಇನಿಂಗ್ಸ್‌ನಲ್ಲಿ 79, ಎರಡನೆಯದರಲ್ಲಿ ಔಟಾಗದೆ 85. ಈ ಜಾರ್ಡಿನ್ ಹುಟ್ಟಿದ್ದು ಮುಂಬಯಿಯ ಮಲಬಾರ್ ಹಿಲ್‌ನಲ್ಲಿ. ಭಾರತದ ಪರ ಆಡುತ್ತಿದ್ದ ಲಾಲ್ ಸಿಂಗ್ ಹುಟ್ಟಿದ್ದು ಕ್ವಾಲಾಲಂಪುರದಲ್ಲಿ. ಯಾರು ಯಾವ ದೇಶದವರು ಎಂಬುದನ್ನು ಆ ಸ್ಕೋರ್ ಪಟ್ಟಿಯಿಂದ ತಿಳಿಯಲು ಹೊರಟರೆ ಸುಸ್ತಾಗುತ್ತದೆ. ಇಂಗ್ಲೆಂಡ್ 259, ಭಾರತ 189; ಮತ್ತೆ ಇಂಗ್ಲೆಂಡ್ 8 ವಿಕೆಟ್ಟಿಗೆ 275, ಭಾರತ 187. ಸೋಲು 158 ರನ್ನಿಂದ. ನಿಸಾರ್‌ಗೆ ಮೊದಲ ಇನಿಂಗ್ಸ್‌ನಲ್ಲಿ 93ಕ್ಕೆ 5 ವಿಕೆಟ್. ಕೈಗೆ ಪೆಟ್ಟು ಮಾಡಿಕೊಂಡೂ ನಾಯುಡು ಗಳಿಸಿದ 40 ಭಾರತದ ಮೊದಲ ಇನಿಂಗ್ಸ್‌ನ ಗರಿಷ್ಠ. ಸೋಲು ಖಚಿತವಾದ ಮೇಲೆ ಅಮರ್ ಸಿಂಗ್ ಮತ್ತು ಲಾಲ್ ಸಿಂಗ್ ನಲವತ್ತು ನಿಮಿಷಗಳಲ್ಲಿ 74 ರನ್ ಚಚ್ಚಿದರು. ಅಮರ್ ಸಿಂಗ್‌ನ 51 ಭಾರತದ ಮೊದಲ ಟೆಸ್ಟ್ ಅರ್ಧಶತಕ. ಕಾಲಿಗೆ ಪೆಟ್ಟಾಗಿಯೂ ಕೊನೆಯವನಾಗಿ ಬ್ಯಾಟ್ ಹಿಡಿದು ಬಂದ ಫಿರೋಜ್ ಪಾಲಿಯಾ ಮುಂದೆ 1981ರಲ್ಲಿ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲಿ.

ಉಳಿದ ಸುದ್ದಿಗಳನ್ನು ಬೇಗ ಹೇಳಿಬಿಡುತ್ತೇನೆ. ಏಪ್ರಿಲ್ 5ರಂದು ಆಸ್ಟ್ರೇಲಿಯಾದ ಆರಾಧ್ಯ ಕುದುರೆ ಫಾರ್ ಲ್ಯಾಪ್ ಕ್ಯಾಲಿಫೋರ್ನಿಯಾದಲ್ಲಿ ಸತ್ತಿತು. ಅದರ ಹೃದಯ, ಚರ್ಮ, ಮೂಳೆಗಳನ್ನು ಮೂರು ಊರುಗಳ ಸಂಗ್ರಹಾಲಯಗಳು ಹಂಚಿಕೊಂಡಿವೆ. ಜೂನ್ 21ರಂದು ಜಾಕ್ ಷಾರ್ಕಿ ಷ್ಮೆಲಿಂಗ್‌ನಿಂದ ಬಾಕ್ಸಿಂಗ್ ಹೆವಿವೇಟ್ ಪಟ್ಟ ಕಿತ್ತುಕೊಂಡ, ತೀರ್ಪಿನ ಬಗ್ಗೆ ಜಗಳ ಇನ್ನೂ ನಿಂತಿಲ್ಲ. ಜುಲೈ 12ರಂದು ಯಾರ್ಕ್‌ಷೈರಿನ ಬೌಲರ್ ಹೆಡ್ಲಿ ವೆರಿಟಿ ನಾಟಿಂಗ್‌ಹ್ಯಾಮ್‌ಷೈರಿನ ಹತ್ತೂ ಮಂದಿಯನ್ನು ಹತ್ತೇ ರನ್ನಿಗೆ ಔಟ್ ಮಾಡಿದ. ಇದು ಈವರೆಗೂ ಪ್ರಥಮ ದರ್ಜೆಯ ದಾಖಲೆ.

ಆಗಸ್ಟ್‌ನಲ್ಲಿ ಲಂಡನ್ನಿನ ಪಿಕಡಿಲಿ ಹೋಟೆಲಿನ ಊಟದ ಮೇಜಿನ ಸುತ್ತ ಜಾರ್ಡಿನ್, ವೇಗದ ಬೌಲರುಗಳಾದ ಲಾರ್‌ವುಡ್ ಮತ್ತು ವೋಸ್ ಕೂತು ಆಸ್ಟ್ರೇಲಿಯಾದ ಬ್ರಾಡ್ಮನ್‌ನನ್ನು ಕಟ್ಟಿಹಾಕುವ ಉಪಾಯದ ಮಾತಾಡಿದರು. ದೇಹಕ್ಕೆ ಗುರಿಯಿಟ್ಟು ವೇಗದ ಚೆಂಡು, ಲೆಗ್ ಕಡೆ ಕ್ಯಾಚಿಗೆ ಕಾದು ನಿಂತ ಗುಂಪು. ಡಿಸೆಂಬರ್ 2ರಂದು ಇಂಗ್ಲೆಂಡಿನ ಆಸ್ಟ್ರೇಲಿಯಾ ಪ್ರವಾಸದ ಮೊದಲ ಟೆಸ್ಟ್ ಸಿಡ್ನಿಯಲ್ಲಿ ಶುರುವಾದಾಗ ಬ್ರಾಡ್ಮನ್ ಅನಾರೋಗ್ಯದಿಂದ ಆಡಲಿಲ್ಲ. ಆಸ್ಟ್ರೇಲಿಯಾದ ಸ್ಟ್ಯಾನ್ ಮೆಕೇಬ್ ಎದೆಯೊಡ್ಡಿ 187 ಹೊಡೆದು ಅಜೇಯನಾಗುಳಿದ. ಆದರೂ ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದಿತು. ದುಲೀಪ್ ಕ್ಷಯದಿಂದಾಗಿ ಆ ಪ್ರವಾಸ ತಪ್ಪಿಸಿಕೊಂಡಿದ್ದ, ಮುಂದೆಂದೂ ಆಡಲಿಲ್ಲ.

ಪಟೌಡಿ ಇದ್ದ. ಮೊದಲ ಟೆಸ್ಟಿನಲ್ಲೇ 102 ಹೊಡೆದ. ಆಮೇಲೆ ಜಾರ್ಡಿನ್ ಲೆಗ್ ಬಲೆಯಲ್ಲಿ ನಿಲ್ಲಲು ಹೇಳಿದಾಗ ಒಲ್ಲೆನೆಂದ. ಎರಡನೆಯ ಟೆಸ್ಟಿನ ನಂತರ ಅವನನ್ನು ತಂಡದಿಂದ ಕೈಬಿಟ್ಟರು. ಇಂಗ್ಲೆಂಡಿನ ಟೋಪಿ ಹಾಕಿಕೊಳ್ಳಲು ಜೂನ್‌ನಲ್ಲಿ ತನ್ನ ದೇಶದ ಮೊದಲ ಟೆಸ್ಟನ್ನು ಬಿಟ್ಟಿದ್ದವನು, ಆ ಟೋಪಿಗಾಗಿ ಡಿಸೆಂಬರಿನಲ್ಲಿ ತನ್ನ ಮನಸ್ಸಿಗೆ ಒಪ್ಪದ ಜಾಗದಲ್ಲಿ ನಿಲ್ಲಲಿಲ್ಲ. ಅವನ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯುತ್ತದೆ. ಉಳಿದರ್ಧ ಇಳಿಯದು, ಏಕೆಂದರೆ ಲಾರ್ಡ್ಸ್‌ನಲ್ಲಿ ನಿಸಾರ್ ಮತ್ತು ಅಮರ್ ಸಿಂಗ್ ಬೌಲ್ ಮಾಡುತ್ತಿದ್ದ ದಿನ ನಮಗೆ ಬೇಕಾಗಿದ್ದದ್ದು ಅಂಥ ಇಬ್ಬರು ಬ್ಯಾಟ್ಸ್‌ಮನ್ನರು. ಅವನು ಭಾರತದ ನಾಯಕನಾಗಿ ಇಂಗ್ಲೆಂಡಿಗೆ ಹೋದದ್ದು 1946ರಲ್ಲಿ, 36ನೆಯ ವಯಸ್ಸಿನಲ್ಲಿ. ಮೂರು ಟೆಸ್ಟ್, ಐದು ಇನಿಂಗ್ಸ್, ಒಟ್ಟು 55 ರನ್. ಆ ಹೊತ್ತಿಗೆ ಅಮರ್ ಸಿಂಗ್ ಸತ್ತು ಆರು ವರ್ಷವಾಗಿತ್ತು.